ಅತ್ತರಿನ ಪೆಟ್ಟಿಗೆಯ ಅಡ್ಡ ಗೀರು

"ಮುಟ್ಟಬೇಡಿ," ಅಂದೆ. "ಕೈ ಹಿಂದಕ್ಕೆ ಕಟ್ಟಿಕೊಂಡು ಬರೀ ಕಣ್ಣಲ್ಲಿ ನೋಡಿ."

ಚಿಕ್ಕಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು. ಸತ್ತುಹೋದ ಯಜಮಾನರ ತಮ್ಮ, ಈ ದುರಸ್ತಿ ವರ್ಕ್‌ಶಾಪಿನ ಪಾಲುದಾರ. ಮನೆಯ ಮಕ್ಕಳು ಚಿಕ್ಕಪ್ಪ ಅಂತ ಕರೆದು ಕರೆದು ಬೀದಿಗೆಲ್ಲ ಅವರು ಚಿಕ್ಕಪ್ಪನೇ ಆಗಿದ್ದಾರೆ. ನಾನೂ ಹಾಗೇ ಕರೆಯುತ್ತೇನೆ. ಕೊಲೆ ಮಾಡಿದ್ದಾರೆ ಅಂತ ಅನುಮಾನ ಇರುವವರನ್ನು ಚಿಕ್ಕಪ್ಪ ಅನ್ನೋದು ಸ್ವಲ್ಪ ಮುಜುಗರವೇ. ಏನು ಮಾಡೋದು, ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ.

ಪೆಟ್ಟಿಗೆ ಕೆಲಸದ ಮೇಜಿನ ನಡುವೆ ಇತ್ತು. ಯಾವ ಕಾಲದಲ್ಲೋ ಫ್ರೆಂಚ್ ಹೆಂಗಸೊಬ್ಬಳು ಪ್ರಯಾಣಕ್ಕೆ ಒಯ್ಯುತ್ತಿದ್ದ ಅಲಂಕಾರದ ಪೆಟ್ಟಿಗೆ. ಕರಿಗೆಂಪು ಮರ, ಮೂಲೆ ಮೂಲೆಗೂ ಬೆಳ್ಳಿ, ಮುಚ್ಚಳದ ಒಳಗೆ ಮಂಕು ಹಿಡಿದ ಕನ್ನಡಿ. ಮಾಸಿದ ನೀಲಿ ಮಖಮಲ್ಲಿನಲ್ಲಿ ಬೆಳ್ಳಿ ಮುಚ್ಚಳದ ಅತ್ತರಿನ ಬಾಟಲಿಗಳು, ಪೌಡರ್ ಡಬ್ಬಿ, ಸೋಪಿನ ಡಬ್ಬಿ, ಬ್ರಷ್ ಇಡುವ ಕೊಳವೆ, ಬಾಚಣಿಗೆ, ಉಗುರು ಕತ್ತರಿ. ಒಂದೊಂದಕ್ಕೂ ಅದರದೇ ಅಳತೆಯ ಗುಳಿ. ಒಂದು ಗುಳಿ ಮಾತ್ರ ಖಾಲಿ. ಎಲ್ಲಕ್ಕಿಂತ ಚಿಕ್ಕ ಬಾಟಲಿ ಕೂರುವ ಜಾಗ ಅದು.

ಬಂದವರೆಲ್ಲ ಈ ಪೆಟ್ಟಿಗೆ ತೆರೆದರೆ ಸಾಕು, "ಆಹಾ, ಇನ್ನೂ ಎಂಥಾ ಪರಿಮಳ!" ಅಂತ ಕಣ್ಣು ಮುಚ್ಚುತ್ತಾರೆ. ನಾನೂ ತಲೆ ಆಡಿಸುತ್ತೇನೆ. ಹಳೆಯ ಜ್ವರವೊಂದು ನನ್ನ ಮೂಗಿನ ಶಕ್ತಿಯನ್ನು ಪೂರ್ತಿ ತಿಂದು ಹೋಗಿದೆ. ಅತ್ತರೂ ಅಷ್ಟೇ, ಚರಂಡಿಯೂ ಅಷ್ಟೇ. ಮೂಗಿಲ್ಲದ ಪತ್ತೇದಾರಳಿಗೆ ಅತ್ತರಿನ ಪೆಟ್ಟಿಗೆ ಕೇಸು! ನನ್ನ ಹಣೆಬರಹಕ್ಕೆ ತಮಾಷೆ ಮಾಡೋ ಚಟ ಇದೆ.

ಪೆಟ್ಟಿಗೆಯ ತಳದಲ್ಲಿ ಗುಟ್ಟಿನ ಡ್ರಾಯರ್ ಒಂದಿದೆ. ಒಳಗಿನಿಂದ ಸ್ಪ್ರಿಂಗ್ ಒತ್ತಿದರೆ ಮಾತ್ರ ಹೊರಗೆ ಬರುತ್ತದೆ. ಅದರಲ್ಲಿದ್ದ ವಜ್ರದ ಓಲೆ ಕಾಣೆಯಾದ ದಿನವೇ ಯಜಮಾನರು ಇದೇ ಮೇಜಿನ ಪಕ್ಕ ಮರದ ಕೊಡತಿಯ ಏಟು ತಿಂದು ಸತ್ತುಬಿದ್ದಿದ್ದರು. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಬೀಗದಕೈ ಇದ್ದದ್ದು ಒಂದೇ, ಅದೂ ಯಜಮಾನರ ಸೊಸೆಯ ಕೊರಳ ಸರದಲ್ಲಿ.

ಪೊಲೀಸರಿಗೆ ಅಷ್ಟು ಸಾಕಾಯಿತು. ಗಂಡ ಸತ್ತು ಇನ್ನೂ ಸಾವರಿಸಿಕೊಳ್ಳುತ್ತಿದ್ದ ಹೆಂಗಸನ್ನು, ಮಗುವಿನ ಹಿಡಿಯಿಂದ ಬಿಡಿಸಿ ಜೀಪಿಗೆ ಹತ್ತಿಸಿದರು. ನಾಳೆ ಚಾರ್ಜ್‌ಶೀಟ್. ಅದು ಕೋರ್ಟು ಸೇರಿತೋ, ಆ ಮಗು ಅಮ್ಮನ ಮುಖವನ್ನು ಕಂಬಿಗಳ ಸಂದಿಯಲ್ಲೇ ನೋಡುತ್ತಾ ಬೆಳೆಯಬೇಕು. ಅದಕ್ಕೇ ಇವತ್ತು ಇನ್ಸ್‌ಪೆಕ್ಟರನ್ನೂ ಎಳೆದುಕೊಂಡು ಬಂದಿದ್ದೆ.

ಅವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಒಳ್ಳೆಯವರೇ, ಆದರೆ ಏನು ಹೇಳಿದರೂ "ಹೂಂ" ಅನ್ನೋದು ಬಿಟ್ಟರೆ ಬಾಯಿಂದ ಇನ್ನೊಂದು ಮಾತು ಹೊರಡೋದು ಕಷ್ಟ.

"ಚಿಕ್ಕಪ್ಪ," ಅಂದೆ, "ನಿಮ್ಮ ಅಣ್ಣನವರು ಯಾವ ಸಾಮಾನು ಕೈಗೆ ತಗೊಂಡರೂ ಮೊದಲು ಎಲ್ಲಾ ಕಡೆಯಿಂದ ಫೋಟೋ ತೆಗೀತಿದ್ದರು, ಅಲ್ವಾ?"

"ಹೌದಮ್ಮ. ಅದು ನಮ್ಮ ಪದ್ಧತಿ. ಆಮೇಲೆ ಗಿರಾಕಿ, ಇದು ಹಿಂಗಿರಲಿಲ್ಲ, ಹಂಗಿತ್ತು ಅಂತ ಜಗಳಕ್ಕೆ ಬರಬಾರದಲ್ಲ."

"ಈ ಪೆಟ್ಟಿಗೆಯ ಬೆಳ್ಳಿ ತೊಳೆಯೋಣ ಅಂತ, ಸತ್ತ ದಿನ ಬೆಳಗ್ಗೆಯೇ ಫೋಟೋ ತೆಗೆದಿದ್ದರು. ಇದು ಪೆಟ್ಟಿಗೆಯ ಬೆನ್ನು. ನೋಡಿ."

ಫೋಟೋ ಮೇಜಿನ ಮೇಲಿಟ್ಟೆ. ಮುಚ್ಚಳವನ್ನೂ ಪೆಟ್ಟಿಗೆಯನ್ನೂ ಹಿಂದಿನಿಂದ ಹಿಡಿದಿರುವ ಬೆಳ್ಳಿಯ ಹಿಂಜಸ್, ಅದರ ಮೇಲೆ ಸಾಲಾಗಿ ಪುಟ್ಟ ಸ್ಕ್ರೂಗಳು. ಪ್ರತಿ ಸ್ಕ್ರೂವಿನ ತಲೆಯ ಮೇಲೂ ಒಂದು ಗೀರು. ಒಂದು ಗೀರು ಆ ಕಡೆ ವಾಲಿದರೆ ಇನ್ನೊಂದು ಈ ಕಡೆ. ಪೆಟ್ಟಿಗೆ ಮಾಡಿದವನು ಬಿಗಿಯಾಗುವ ತನಕ ತಿರುಗಿಸಿ ಬಿಟ್ಟಿದ್ದಾನೆ, ಅಷ್ಟೇ.

"ಈಗ ಪೆಟ್ಟಿಗೆ ನೋಡಿ."

ನಾನೇ ಬಟ್ಟೆ ಹಿಡಿದು ಪೆಟ್ಟಿಗೆಯ ಬೆನ್ನನ್ನು ಅವರ ಕಡೆ ತಿರುಗಿಸಿದೆ. ಎಲ್ಲ ಗೀರುಗಳೂ ಒಂದೇ ದಿಕ್ಕಿಗೆ ನಿಂತಿದ್ದವು. ಒಂದಾದರೂ ಕೂದಲೆಳೆಯಷ್ಟು ವಾಲಿರಲಿಲ್ಲ.

ಚಿಕ್ಕಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಬೀಗದಕೈ ಇದ್ದವರು ಬೀಗ ತೆಗೀತಾರೆ," ಅಂದೆ. "ಇಲ್ಲದವರು ಹಿಂದಿನಿಂದ ಹಿಂಜಸ್ ಬಿಚ್ಚುತ್ತಾರೆ. ಬೀಗ ಹಾಕಿದ ಹಾಗೇ ಇರುತ್ತೆ, ಮುಚ್ಚಳ ಮಾತ್ರ ಕೈಗೆ ಬರುತ್ತೆ. ಆಮೇಲೆ ಮೊದಲಿದ್ದ ಹಾಗೆ ಕೂರಿಸಿದರೆ ಯಾರಿಗೂ ಗೊತ್ತಾಗಲ್ಲ. ಇನ್ಸ್‌ಪೆಕ್ಟರೇ, ಕೇಳಿಸ್ತಾ ಇದೆಯಾ? ನೀವು ಒಳಗೆ ಹಾಕಿರೋ ಹೆಂಗಸಿಗೆ ಈ ಕಷ್ಟ ಯಾಕೆ ಬೇಕಿತ್ತು? ಸರ ತೆಗೆದರೆ ಬೀಗದಕೈ."

"ಹೂಂ," ಅಂದರು ಇನ್ಸ್‌ಪೆಕ್ಟರ್. ಈ ಸಲದ ಹೂಂನಲ್ಲಿ ಸ್ವಲ್ಪ ತೂಕ ಇತ್ತು.

"ಬಿಚ್ಚಿದವರು ಒಂದು ತಪ್ಪು ಮಾಡಿದರು. ತಪ್ಪು ಅಂತ ಅವರಿಗೇ ಗೊತ್ತಾಗಿಲ್ಲ. ಸ್ಕ್ರೂ ಹಾಕಿದ ಮೇಲೆ ಗೀರುಗಳನ್ನ ಒಂದೇ ಸಾಲಿಗೆ ನಿಲ್ಲಿಸದೆ ಅವರ ಕೈ ಬಿಡಲಿಲ್ಲ. ಮನುಷ್ಯ ಸತ್ತು ಬಿದ್ದಿದ್ದಾನೆ, ಯಾರು ಯಾವಾಗ ಬರ್ತಾರೋ ಗೊತ್ತಿಲ್ಲ, ಆಗಲೂ ಇದನ್ನ ಅಚ್ಚುಕಟ್ಟಾಗಿ ಮಾಡಿದ್ದಾರೆ. ನಾನು ಈ ಊರಿನ ಬಡಗಿಗಳನ್ನ, ಬೆಳ್ಳಿ ಕೆಲಸದವರನ್ನ ಎಲ್ಲಾ ಕೇಳಿದೆ. ಹೀಗೆ ಮಾಡೋದು ಒಂದೇ ವರ್ಕ್‌ಶಾಪಿನವರಂತೆ. ಹೇಳಿ ಚಿಕ್ಕಪ್ಪ, ಯಾವುದು?"

ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ಉಳಿಗಳು, ಅರಗಳು, ಸ್ಕ್ರೂಡ್ರೈವರ್‌ಗಳು ಗಾತ್ರದ ಪ್ರಕಾರ ತೂಗುತ್ತಿದ್ದವು. ಕೊಡತಿ ತೂಗುತ್ತಿದ್ದ ಮೊಳೆ ಖಾಲಿ ಇತ್ತು.

"ನಮ್ಮದೇ," ಅಂದರು ಕೊನೆಗೆ. "ನಮ್ಮಪ್ಪನಿಂದ ಬಂದದ್ದು. ಗೀರು ಸಾಲಿಗೆ ನಿಲ್ಲದೇ ಇದ್ದರೆ ಬೆರಳಿಗೆ ಏಟು ಬೀಳ್ತಿತ್ತು."

"ಈ ಮೇಜಿನಲ್ಲಿ ಕೆಲಸ ಕಲಿತವರು ಮೂರೇ ಜನ. ಅಣ್ಣ, ಅಣ್ಣನ ಮಗ, ನೀವು. ಅಣ್ಣ ಹೋದರು. ಮಗ ಅವರಿಗಿಂತ ಮೊದಲೇ ಹೋದ. ಉಳಿದದ್ದು ಯಾರು?"

"ನಾನು ಅಣ್ಣನ ಮೇಲೆ ಕೈ ಎತ್ತೋನಾ?"

"ಕೂಗಾಡಿದ್ದಂತೂ ನಿಜ. ವರ್ಕ್‌ಶಾಪ್ ಮಾರೋ ವಿಷಯಕ್ಕೆ ನೀವಿಬ್ಬರೂ ಬಾಯಿಗೆ ಬಂದ ಹಾಗೆ ಬೈದಾಡಿದ್ದನ್ನ ಎದುರು ಮನೆಯವರು ಕೇಳಿಸಿಕೊಂಡಿದ್ದಾರೆ."

"ಬೈದೆ! ಬೈದೆನಮ್ಮ! ಬೈದವರೆಲ್ಲ ಕೊಲ್ತಾರಾ? ಹಾಗಾದರೆ ನನ್ನ ಹೆಂಡತಿ ನನ್ನನ್ನ ಯಾವತ್ತೋ ಮುಗಿಸಿರಬೇಕಿತ್ತು." ಅಂದವರೇ ಮುಖ ಮುಚ್ಚಿಕೊಂಡರು.

ನನಗೆ ಕರುಣೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕರುಣೆ ಬಂದ ಕೂಡಲೇ ಸುಮ್ಮನಾಗಿದ್ದರೆ ನಾನು ಈ ಕೆಲಸ ಬಿಟ್ಟು ಬೇರೆ ಏನಾದರೂ ಮಾಡಿಕೊಂಡಿರುತ್ತಿದ್ದೆ.

ಕಿಟಕಿಯ ಆಚೆ, ರಸ್ತೆ ದಾಟಿದರೆ ಪಾರ್ಕು. ಅಲ್ಲಿನ ಕಲ್ಲುಬೆಂಚಿನ ಮೇಲೆ ಯಜಮಾನರ ಮಗಳು ಕೂತಿದ್ದಳು. ಸೊಸೆಯ ನಾದಿನಿ, ನನ್ನನ್ನು ಈ ಕೇಸಿಗೆ ಕರೆಸಿದವಳು. "ಅಕ್ಕ, ನಮ್ಮ ಅತ್ತಿಗೆ ಇರುವೆ ತುಳಿಯೋಕೂ ಹೆದರ್ತಾರೆ. ಹೇಗಾದರೂ ಮಾಡಿ ಬಿಡಿಸಿ," ಅಂತ ನನ್ನ ಕೈ ಹಿಡಿದು ಅತ್ತಿದ್ದಳು. ತಾನು ಬರುವ ತನಕ ಮಗುವನ್ನು ಯಾರ ಹತ್ತಿರ ಬಿಡೋದು ಅಂತ ಲಾಕಪ್ಪಿನಲ್ಲಿ ಆ ತಾಯಿ ಒದ್ದಾಡುತ್ತಿದ್ದಾಗ, "ನಿನ್ನ ನಾದಿನಿ ಇದ್ದಾಳಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ತಾಳೆ," ಅಂತ ಒಪ್ಪಿಸಿದವಳೂ ನಾನೇ.

ಮಗು ಜಾರುಬಂಡೆಯ ಹತ್ತಿರ ಆಡುತ್ತಿತ್ತು. ಉರಿಬಿಸಿಲಲ್ಲೂ ಅದೇ ಹಳದಿ ಸ್ವೆಟರ್. ಅಮ್ಮ ಹೆಣೆದದ್ದಂತೆ. "ಒಗೆಯೋಕೂ ಬಿಚ್ಚಿ ಕೊಡಲ್ಲ ಅಕ್ಕ, ಮುಟ್ಟಿದರೆ ಮನೆ ಹಾರಿ ಹೋಗೋ ಹಾಗೆ ಕಿರುಚುತ್ತೆ," ಅಂತ ನಾದಿನಿ ದೂರು ಹೇಳಿದ್ದಳು.

ಬೆಳಗ್ಗೆ ಅವಳಿಗೆ ಫೋನ್ ಮಾಡಿ ಹೇಳಿದ್ದೆ: "ಸ್ಕ್ರೂಗಳ ಗುಟ್ಟು ಗೊತ್ತಾಗಿದೆ, ಕಣೇ. ಸಂಜೆಯೊಳಗೆ ನಿಮ್ಮ ಅತ್ತಿಗೆ ಮನೆಗೆ ಬರ್ತಾಳೆ." ಅವಳು ಫೋನ್ ಇಟ್ಟುಬಿಟ್ಟಳು. ಖುಷಿಗೆ ಮಾತು ಹೊರಡಲಿಲ್ಲ ಅಂದುಕೊಂಡೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

"ಚಿಕ್ಕಪ್ಪ," ಅಂದೆ, "ನೀವಾಗಿಯೇ ಹೇಳಿದರೆ ಆ ಮಗುವಿಗೆ ಇವತ್ತು ರಾತ್ರಿ ಅಮ್ಮ ಸಿಗ್ತಾಳೆ."

ಅವರು ಮುಖದಿಂದ ಕೈ ತೆಗೆದರು. ಮೂಗು ಒರೆಸಿಕೊಂಡರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕೈ ಮತ್ತೆ ಹಿಂದಕ್ಕೆ ಕಟ್ಟಿಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದರು. ಹೆದರಿದವರು ಹಾಗೆ ನೋಡುವುದಿಲ್ಲ. ಕೆಲಸದವರು ನೋಡುವ ಹಾಗೆ ನೋಡಿದರು.

"ಇದು ನನ್ನ ಕೈ ಅಲ್ಲ," ಅಂದರು ನಿಧಾನವಾಗಿ. "ಅಣ್ಣನದೂ ಅಲ್ಲ."

"ಈಗ ತಾನೇ ನಿಮ್ಮ ವರ್ಕ್‌ಶಾಪಿಂದೇ ಅಂದ್ರಲ್ಲ!"

"ವರ್ಕ್‌ಶಾಪಿಂದೇ. ಆದರೆ ಗೀರು ಅಡ್ಡ ಮಲಗಿದೆ ನೋಡಿ. ನಾವು ನೆಟ್ಟಗೆ ನಿಲ್ಲಿಸ್ತೀವಿ. ನೆಟ್ಟಗಿರೋ ಗೀರಲ್ಲಿ ಧೂಳು ನಿಲ್ಲಲ್ಲ, ಒರೆಸಿದ ನೀರು ಇಳಿದು ಹೋಗುತ್ತೆ. ಅಡ್ಡ ಮಲಗಿಸಿದರೆ ಕೊಳೆ ಕೂರುತ್ತೆ. ಬೇಕಿದ್ದರೆ ಇಲ್ಲಿರೋ ಯಾವ ಸಾಮಾನಾದರೂ ನೋಡಿ."

ನೋಡಿದೆ. ಇನ್ಸ್‌ಪೆಕ್ಟರೂ ಎದ್ದು ಬಂದು ನೋಡಿದರು. ಗಡಿಯಾರದ ಬಾಗಿಲು, ಕನ್ನಡಿಯ ಕಟ್ಟು, ಬೀರುವಿನ ಹಿಡಿ, ಅರ್ಧ ಮುಗಿದ ಕುರ್ಚಿ. ಒಂದೊಂದರ ಮೇಲೂ ಗೀರು ನೆಟ್ಟಗೆ ನಿಂತಿತ್ತು.

ಇಷ್ಟು ದಿನ ಒಂದೇ ದಿಕ್ಕು, ಒಂದೇ ದಿಕ್ಕು ಅಂತ ಕುಣಿದಿದ್ದೆ. ಯಾವ ದಿಕ್ಕು ಅಂತ ಯೋಚಿಸಲೇ ಇಲ್ಲ.

"ಹಾಗಾದರೆ ಅಡ್ಡ ಮಲಗಿಸೋರು ಯಾರು?"

ಚಿಕ್ಕಪ್ಪ ತುಟಿ ಕಚ್ಚಿಕೊಂಡರು. ಅವರ ಕಣ್ಣು ಮೇಜಿನ ಮಗ್ಗುಲಲ್ಲಿದ್ದ ಒಂದು ಮೋಟು ಸ್ಟೂಲಿನ ಮೇಲೆ ಹೋಯಿತು. ದೊಡ್ಡವರು ಕೂರುವ ಸ್ಟೂಲಲ್ಲ.

"ಅಣ್ಣ ಇಲ್ಲಿ, ಮೇಜಿನ ಎದುರಿಗೆ ಕೂತು ಪೆಟ್ಟಿಗೆ ಬೋರಲು ಹಾಕಿಕೊಂಡು ಕೆಲಸ ಮಾಡೋನು. ಅದು ಅಲ್ಲಿ, ಆ ಮಗ್ಗುಲಲ್ಲಿ ಕೂತು ನೋಡ್ತಾ ಇರೋದು. ಅಣ್ಣನಿಗೆ ನೆಟ್ಟಗೆ ಕಾಣೋ ಗೀರು ಮಗ್ಗುಲಲ್ಲಿ ಕೂತವರಿಗೆ ಅಡ್ಡ ಕಾಣುತ್ತಲ್ಲ? ಅದು ಹಾಗೇ ಕಲಿತುಬಿಡ್ತು. ಅಣ್ಣ ಎಷ್ಟು ಗದರಿದರೂ ಕೈ ತಿದ್ದಿಕೊಳ್ಳಲಿಲ್ಲ. ನಿಮ್ಮದಕ್ಕಿಂತ ಚೆನ್ನಾಗಿ ಕಾಣುತ್ತೆ ಬಿಡಪ್ಪ ಅನ್ನೋದು."

"ಅದು ಅಂದರೆ ಯಾರು ಚಿಕ್ಕಪ್ಪ? ಸರಿಯಾಗಿ ಹೇಳಿ."

"ಅಣ್ಣನ ಮಗಳು."

ಇನ್ಸ್‌ಪೆಕ್ಟರ್ ಪೆಟ್ಟಿಗೆ ಬಿಟ್ಟು ನನ್ನ ಮುಖ ನೋಡಿದರು.

"ಅವಳಿಗೆ ಈ ಕೆಲಸದ ತಲೆಬುಡ ಗೊತ್ತಿಲ್ಲ ಅಂತ ಹೇಳಿದ್ದಳು," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಗೊತ್ತಿಲ್ಲವಾ? ಅಣ್ಣನ ಮಗನಿಗಿಂತ ಅವಳ ಕೈಯೇ ಚೆನ್ನಾಗಿತ್ತು. ಮದುವೆ ಆದ ಮೇಲೆ ಅಣ್ಣ ಮೇಜಿಗೆ ಸೇರಿಸಲಿಲ್ಲ. ಮಗ ಇದ್ದಾನಲ್ಲ, ಸಾಕು ಅಂದ. ಅವರಮ್ಮನ ಓಲೆಯಾದರೂ ತನಗೆ ಬರುತ್ತೆ ಅಂತ ಕಾಯ್ತಿದ್ದಳು. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಸಾಯೋವಾಗ ಅದನ್ನೂ ಪೆಟ್ಟಿಗೆ ಸಮೇತ ಸೊಸೆಗೆ ಕೊಟ್ಟರು. ಅವಳು ಅವತ್ತು ಏನೂ ಅನ್ನಲಿಲ್ಲ. ಏನೂ ಅನ್ನದೇ ಹೋದದ್ದಕ್ಕೇ ನನಗೆ ಹೆದರಿಕೆ ಆಯ್ತು." ಚಿಕ್ಕಪ್ಪ ಕನ್ನಡಕ ತೆಗೆದರು. "ನಾನು ಎತ್ತಿ ಆಡಿಸಿದ ಕೂಸಮ್ಮ ಅದು. ನನ್ನ ಬಾಯಿಂದ ಯಾಕೆ ಹೇಳಿಸಿದ್ರಿ?"

ನಾನು ಕಿಟಕಿಗೆ ಓಡಿದೆ.

ಬೆಂಚಿನ ಮೇಲೆ ಅವಳು ಅಲ್ಲೇ ಕೂತಿದ್ದಳು. ತಲೆ ಬಗ್ಗಿಸಿಕೊಂಡು, ತೂಕಡಿಸುವವರ ಹಾಗೆ. ಮಗು ಅವಳ ಮುಂದೆ ನಿಂತು ತೋಳು ಹಿಡಿದು ಅಲ್ಲಾಡಿಸುತ್ತಿತ್ತು. ಅಬ್ಬಾ, ಮಗು ಇದೆ. ಮೊದಲು ಬಂದದ್ದು ಅದೊಂದೇ ಯೋಚನೆ. ಎರಡನೆಯದು ಬರುವಷ್ಟರಲ್ಲಿ ನಾನು ಮೆಟ್ಟಿಲು ಇಳಿಯುತ್ತಿದ್ದೆ. ಕೊಲೆ ಮಾಡಿದವಳು ನನ್ನ ಮನೆ ಬಾಗಿಲಿಗೆ ಯಾಕೆ ಬಂದಳು? ಪೊಲೀಸರು ಆಗಲೇ ಬೇರೆಯವರನ್ನು ಹಿಡಿದಿದ್ದರು. ಸುಮ್ಮನಿದ್ದಿದ್ದರೆ ಸಾಕಿತ್ತಲ್ಲ.

ಇನ್ಸ್‌ಪೆಕ್ಟರ್ ನನ್ನನ್ನು ಹಿಂದೆ ಹಾಕಿ ರಸ್ತೆ ದಾಟಿದರು. ನನ್ನ ಮಂಡಿಗಳು ಓಟದ ಕಾಲ ಮುಗಿಸಿ ತುಂಬಾ ದಿನ ಆಯಿತು.

ನಾನು ತಲುಪಿದಾಗ ಅವರು ಅವಳ ಕತ್ತಿನ ಪಕ್ಕ ಬೆರಳಿಟ್ಟು ಮಂಡಿಯೂರಿ ಕೂತಿದ್ದರು.

"ಅತ್ತೆ ಏಳ್ತಾನೇ ಇಲ್ಲ," ಅಂತು ಮಗು. "ಕಚಗುಳಿ ಇಟ್ಟರೂ ನಗಲ್ಲ."

ಅವಳ ಮಡಿಲಲ್ಲಿ ಒಂದು ಪುಟ್ಟ ಬಾಟಲಿ ಬಿದ್ದಿತ್ತು. ಬೆಳ್ಳಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿತ್ತು. ನೀಲಿ ಮಖಮಲ್ಲಿನ ಖಾಲಿ ಗುಳಿಗೆ ಸರಿಯಾಗಿ ಕೂರುವ ಬಾಟಲಿ. ಕರ್ಚೀಫಿನಲ್ಲಿ ಎತ್ತಿ ಮೂಗಿಗೆ ಹಿಡಿದೆ. ಏನು ಪ್ರಯೋಜನ? ಇನ್ಸ್‌ಪೆಕ್ಟರಿಗೆ ಕೊಟ್ಟೆ. ಅವರು ದೂರದಿಂದಲೇ ಮೂಸಿ ಮುಖ ಹಿಂಡಿದರು.

"ಅತ್ತರಲ್ಲ ಇದು," ಅಂದರು.

"ಜೀವ?"

"ಇದೆ. ದಾರದಷ್ಟು." ಆಗಲೇ ಫೋನಿನಲ್ಲಿ ಆಂಬುಲೆನ್ಸ್ ಕೇಳುತ್ತಿದ್ದರು. ಅದು ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಅವರು ಅಷ್ಟು ಮಾತಾಡಿದ್ದು ನಾನು ಮೊದಲ ಸಲ ಕೇಳಿದ್ದು. "ಮೇಡಂ, ಸ್ಕ್ರೂ ವಿಷಯ ನಾನು ನಂಬಿದೆ. ಈಕೆ ಎದ್ದು ಹೌದು, ನಾನೇ ಬಿಚ್ಚಿದೆ ಅಂತ ಒಂದು ಮಾತು ಹೇಳಿದರೆ ಸೊಸೆಯನ್ನ ನಾನೇ ಮನೆಗೆ ಬಿಟ್ಟು ಬರ್ತೀನಿ. ಏಳದೇ ಹೋದರೆ ನನ್ನ ಕೈಯಲ್ಲಿ ಏನಿದೆ? ಓಲೆ ಆದರೂ ಈಕೆಯ ಹತ್ತಿರ ಸಿಗಬೇಕು."

ಅವಳ ಕೈಚೀಲ ತೆಗೆದು ಸುರಿದರು. ಬೀಗದಕೈಗಳು, ಬಾಚಣಿಗೆ, ಮಗುವಿಗೆ ತಂದಿದ್ದ ಬಿಸ್ಕೆಟ್. ಓಲೆ ಇರಲಿಲ್ಲ.

ಬೆಳಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವಾ ನನಗೆ? ಆ ಫೋನು ಮಾಡದೇ ಇದ್ದಿದ್ದರೆ ಈ ಹುಡುಗಿ ಇವತ್ತು ಬಾಟಲಿ ಮುಟ್ಟುತ್ತಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಕಣ್ಣು ಉರಿಯಿತು.

ಮಗು ಅಳಲು ತಯಾರಾಗಿ ತುಟಿ ಉಬ್ಬಿಸಿತ್ತು. ಎತ್ತಿಕೊಂಡೆ. ನನ್ನ ಭುಜಕ್ಕೆ ಒರಗಿತು. ಬೆವರಿನಿಂದ ಸ್ವೆಟರ್ ಒದ್ದೆಯಾಗಿ ಹೋಗಿತ್ತು. ಬೆನ್ನು ಸವರುತ್ತಾ ಪಕ್ಕೆಗೆ ಕೈ ಹೋದಾಗ ಉಣ್ಣೆಯ ಒಳಗೆ ಏನೋ ಗಟ್ಟಿಯಾಗಿ ತಗುಲಿತು. ಎರಡು ಕಾಳು, ಕಡಲೆಗಿಂತ ಸ್ವಲ್ಪ ದೊಡ್ಡವು.

ಸ್ವೆಟರಿನ ಅಂಚು ಎತ್ತಿ ನೋಡಿದೆ. ಒಳಗಡೆ ಒಂದು ಪುಟ್ಟ ಜೇಬು, ಬಾಯಿ ಹೊಲಿದಿತ್ತು. ಉಗುರಿನಿಂದ ದಾರ ಕಿತ್ತೆ. ನನ್ನ ಅಂಗೈಗೆ ಓಲೆಗಳು ಉದುರಿದವು. ಆ ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆದವು.

ನನಗೆ ಎಲ್ಲಾ ಒಂದೇ ಸಲ ಅರ್ಥವಾಯಿತು. ಎಂಥಾ ಹೆಂಗಸು ಈ ನಾದಿನಿ! ಕದ್ದ ಓಲೆಯನ್ನು ಇಟ್ಟುಕೊಳ್ಳುವ ಧೈರ್ಯ ಇಲ್ಲದೆ ಮಗುವಿನ ಮೈಯಲ್ಲೇ ಹೊಲಿದಿದ್ದಾಳೆ. ಆದರೂ ಒಳ್ಳೆಯದೇ ಆಯಿತು. ಮಗುವಿನ ಬಾಯಿಂದಲೇ ಬರಲಿ. ಅವಳು ಎದ್ದರೂ ಸರಿ, ಏಳದಿದ್ದರೂ ಸರಿ.

"ಇನ್ಸ್‌ಪೆಕ್ಟರೇ, ಇಲ್ಲಿ ಬನ್ನಿ," ಅಂದೆ. ಅವರಿಗೆ ಚೆನ್ನಾಗಿ ಕೇಳಿಸಲಿ ಅಂತ ಬೇಕಂತಲೇ ದನಿ ಎತ್ತರಿಸಿದೆ. "ಪುಟ್ಟಿ, ನೀನು ಜಾಣೆ ಅಲ್ವಾ? ಇದನ್ನ ಇಲ್ಲಿ ಹೊಲಿದದ್ದು ಯಾರು, ಈ ಮಾಮನಿಗೆ ಹೇಳು."

"ಅಮ್ಮ."

"ಅತ್ತೆ ಅಲ್ವೇನೇ? ಸರಿಯಾಗಿ ನೆನಪು ಮಾಡಿಕೋ."

"ಅಮ್ಮನೇ!" ಮಗುವಿಗೆ ಸ್ವಲ್ಪ ಸಿಟ್ಟು ಬಂತು. "ತಾತ ಬಿದ್ದಿದ್ದರಲ್ಲ, ಅವತ್ತು. ಸ್ವೆಟರ್ ಬಿಚ್ಚಬಾರದು, ಅತ್ತೆಗಂತೂ ತೋರಿಸಲೇಬಾರದು ಅಂದಳು. ನಾನು ಯಾರಿಗೂ ತೋರಿಸೇ ಇಲ್ಲ, ಗೊತ್ತಾ?"

ಇನ್ಸ್‌ಪೆಕ್ಟರ್ ಹೂಂ ಅನ್ನಲಿಲ್ಲ. ಓಲೆಗಾಗಿ ನನ್ನ ಮುಂದೆ ಕೈ ಚಾಚಿದರು. ಬಿಡಿಸಲು ಹೊರಟಿದ್ದ ತಾಯಿಯ ಮೇಲೆ ಅವಳ ಮಗುವಿನಿಂದಲೇ ಸಾಕ್ಷಿ ಹೇಳಿಸಿದ್ದೆ ನಾನು.

ಜಾಣೆ ಅಂತ ನಾನು ಇನ್ನೊಂದು ಸಲ ಹೇಳಲಿ ಅಂತ ಮಗು ನನ್ನ ಮುಖವನ್ನೇ ನೋಡುತ್ತಿತ್ತು.